ಪೀಟರ್ ಹುಕ್ ದನಿಗಾಗಿ ಸೆಕೆಂಡ್‌ಹ್ಯಾಂಡ್ ಬೇಸ್: ಬಳ್ಳಾರಿಯ ಕೆಲಸದ ಟಿಪ್ಪಣಿ

ಗುರಿ ಇಷ್ಟೇ: ಇಂಗ್ಲೆಂಡಿನ ಜಾಯ್ ಡಿವಿಷನ್ ಬ್ಯಾಂಡಿನ 1979–80ರ ಧ್ವನಿಮುದ್ರಣಗಳಲ್ಲಿ ಕೇಳುವ ಪೀಟರ್ ಹುಕ್‌ನ ಬೇಸ್ ಗಿಟಾರ್ ದನಿ ಮನೆಯಲ್ಲಿ ಹೊರಡಬೇಕು, ಖರ್ಚು ಇಪ್ಪತ್ತು ಸಾವಿರದೊಳಗೆ ಇರಬೇಕು. ಖರ್ಚು ಸ್ವಲ್ಪ ಮೀರಿತು. ಎಲ್ಲಿ, ಯಾಕೆ ಮೀರಿತು ಅನ್ನುವುದು ಕೆಳಗಿದೆ.

ಅಂಗಡಿಗೆ ಹೋಗುವ ಮುಂಚೆ ತೀರ್ಮಾನ ಆಗಬೇಕಾದ ಮಾತೊಂದಿದೆ. ಪಂಕ್ ರಾಕ್ ನಂತರ ಬಂದ ಪೋಸ್ಟ್-ಪಂಕ್ ಸಂಗೀತದ ಬೇಸ್ ಅಂದರೆ ಒಂದೇ ದನಿಯಲ್ಲ. ಪಬ್ಲಿಕ್ ಇಮೇಜ್ ಲಿಮಿಟೆಡ್ ಬ್ಯಾಂಡಿನ ಜಾ ವಾಬಲ್ ದನಿ ಜಮೈಕಾದ ಡಬ್ ರೆಗೆಯಿಂದ ಬಂದದ್ದು: ಟ್ರೆಬಲ್ ಇಲ್ಲ, ಎದೆಗೆ ಗುದ್ದುವ ತಳ ಮಾತ್ರ. ಸ್ಟ್ರಾಂಗ್ಲರ್ಸ್‌ನ ಜೆ.ಜೆ. ಬರ್ನೆಲ್ ದನಿ ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್‌ನ ಗರಗರ, ಹರಿದ ಸ್ಪೀಕರಿನಂಥದ್ದು. ಹುಕ್ ನುಡಿಸುವುದೇ ಬೇರೆ ಜಾಗದಲ್ಲಿ. ರಾಗವೆಲ್ಲ ಬೇಸ್‌ನ ಇ, ಎ, ಡಿ, ಜಿ ತಂತಿಗಳಲ್ಲಿ ತೆಳುವಾದ ಡಿ ಮತ್ತು ಜಿ ಮೇಲೆ, ಬಾಡಿಯ ಹತ್ತಿರದ ಫ್ರೆಟ್‌ಗಳಲ್ಲಿ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ), ಜೊತೆಗೆ ಒಂದು ತೆರೆದ ತಂತಿ ತಂಬೂರಿಯ ಹಾಗೆ ಶ್ರುತಿ ಹಿಡಿದಿರುತ್ತದೆ. ಗಿಟಾರಿನ ಆಂಪ್ ಅಬ್ಬರದಲ್ಲಿ ಕೆಳಗಿನ ಸ್ವರ ತನಗೇ ಕೇಳುತ್ತಿರಲಿಲ್ಲ, ಅದಕ್ಕೇ ಮೇಲೇರಿದೆ ಅಂತ ಆತನೇ ಹೇಳಿದ್ದಾನೆ. ಪಿಕ್‌ನಲ್ಲಿ (ಮೀಟುವ ಪ್ಲಾಸ್ಟಿಕ್ ಚೂರು) ಮೀಟು, ಮೇಲೆ ಎಲೆಕ್ಟ್ರೋ-ಹಾರ್ಮೊನಿಕ್ಸ್ ಕ್ಲೋನ್ ಥಿಯರಿ ಕೋರಸ್, ಅಂದರೆ ದನಿಯನ್ನು ಅಲೆಯಂತೆ ತೂಗಿಸುವ ಪೆಡಲ್. ಹಾಗಾಗಿ ಈ ಕೆಲಸಕ್ಕೆ ಬೇಸ್ ಆರಿಸುವಾಗ ಪರೀಕ್ಷೆ ನಡೆಯಬೇಕಾದ್ದು ಮೊದಲ ಐದು ಫ್ರೆಟ್‌ನಲ್ಲಲ್ಲ, 12ರಿಂದ 17ರ ನಡುವೆ. ಜಿ ತಂತಿಯಲ್ಲಿ ಅದು 196ರಿಂದ 262 ಹರ್ಟ್ಸ್.

ಮಾರ್ಚ್ 9: ಮೂರು ಬೇಸ್, ಒಂದು ಸ್ಟೀಲ್ ಸ್ಕೇಲ್

ಜೇಬಿನಲ್ಲಿದ್ದದ್ದು 12 ಇಂಚಿನ ಸ್ಟೀಲ್ ಸ್ಕೇಲ್, ಟ್ಯೂನರ್ ಆ್ಯಪ್ ಇರುವ ಫೋನ್, ಮಲ್ಟಿಮೀಟರ್.

ಮೊದಲನೆಯದು ರಾಯಚೂರಿನಲ್ಲಿ, ತಂತಿ ನುಡಿಯುವ ಉದ್ದ 30 ಇಂಚು ಇರುವ ಚಿಕ್ಕ ಬೇಸ್, 5,500 ರೂ. ಹಿಡಿಯಲು ಹಗುರ, ಬೆರಳಿಗೆ ಸಲೀಸು. ಆದರೆ ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ತಂದಾಗ ಸಾಮಾನ್ಯ 34 ಇಂಚಿನ ಬೇಸ್‌ಗಿಂತ ಸುಮಾರು 22 ಪರ್ಸೆಂಟ್ ಕಡಿಮೆ ಬಿಗುವು ಇರುತ್ತದೆ. 14ನೇ ಫ್ರೆಟ್‌ನಲ್ಲಿ ಡಿ ತಂತಿ ಉಬ್ಬಿದ, ದುಂಡನೆಯ ಸದ್ದು ಕೊಟ್ಟಿತು. ವಾಬಲ್ ದನಿಗಾದರೆ ನಡೆದೀತು, ಇದಕ್ಕೆ ಆಗದು.

ಎರಡನೆಯದು ಗಂಗಾವತಿಯಲ್ಲಿ, ರಿಕನ್‌ಬ್ಯಾಕರ್ ಕಂಪನಿಯ ಬೇಸ್ ಆಕಾರದ ನಕಲು, 14,000 ರೂ. ಹುಕ್ ಶುರುವಿನಲ್ಲಿ ನುಡಿಸಿದ್ದೂ ಇಂಥದೇ ನಕಲು, ಆದ್ದರಿಂದ ಆಸೆ ಹುಟ್ಟಿತು. ಸ್ಕೇಲನ್ನು ಫ್ರೆಟ್‌ಗಳ ಮೇಲೆ ಉದ್ದಕ್ಕೆ ಇಟ್ಟಾಗ 15ನೇ ಫ್ರೆಟ್ ಹತ್ತಿರ ತೊಟ್ಟಿಲ ಹಾಗೆ ತೂಗಿತು. ನೆಕ್ ಬಾಡಿಗೆ ಸೇರುವ ಜಾಗ ಉಬ್ಬಿದೆ ಅಂತ ಅರ್ಥ. ನೆಕ್ ಒಳಗೆ ಬಾಗು ಹೊಂದಿಸಲು ಇರುವ ಟ್ರಸ್ ರಾಡ್ ಎಂಬ ಸರಳು ಅಲ್ಲಿಯವರೆಗೆ ಕೆಲಸ ಮಾಡುವುದಿಲ್ಲ. ಫ್ರೆಟ್ ಕಿತ್ತು ಹಲಗೆ ಸಮ ಮಾಡುವುದೊಂದೇ ದಾರಿ. ಕೆಳಗೆ ನುಡಿಸುವವರಿಗೆ ಈ ದೋಷ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಹುಕ್ ದನಿ ಹುಡುಕುವವರಿಗೆ ಮೊದಲ ದಿನವೇ ಗೊತ್ತಾಗುತ್ತದೆ.

ಮೂರನೆಯದು ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಮದುವೆ ಆರ್ಕೆಸ್ಟ್ರಾದಲ್ಲಿ ದುಡಿದ ಪಿ-ಜೆ ಬೇಸ್, ಅಂದರೆ ಪ್ರಿಸಿಷನ್ ಮಾದರಿಯ ಪಿ, ಜಾಝ್ ಮಾದರಿಯ ಜೆ ಎರಡೂ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಆಗಿಸುವ ಕಾಯಿಲ್) ಇರುವುದು. 34 ಇಂಚು, 21 ಫ್ರೆಟ್, ಮೇಪಲ್ ನೆಕ್, ರೋಸ್‌ವುಡ್ ಹಲಗೆ. ಬಾಡಿಯ ಬಣ್ಣ ಎದ್ದಿದೆ, ನಾಬ್ ಒಂದಿಲ್ಲ, ತಿರುಗಿಸಿದರೆ ಕರಕರ. ಸ್ಕೇಲ್ ಮಾತ್ರ ಅಲುಗಲಿಲ್ಲ. ತಂತಿ ಬಿಗಿಸುವ ತುದಿಯಾದ ಹೆಡ್‌ಸ್ಟಾಕ್ ಕಡೆಯಿಂದ ಕಣ್ಣಿಟ್ಟು ನೋಡಿದರೆ ನೆಕ್ ತಿರುಚಿಲ್ಲ. ಟ್ರಸ್ ರಾಡ್ ಎರಡೂ ಕಡೆಗೆ ಕಾಲು ಸುತ್ತು ಮಿಸುಕಿತು. 9,500 ರೂಪಾಯಿಗೆ ಕೊಂಡದ್ದು ಆ ನೆಕ್ ನೋಡಿಯೇ. ಮಿಕ್ಕದ್ದೆಲ್ಲ ಬೆಸುಗೆಯಲ್ಲಿ ಸರಿಹೋಗುತ್ತದೆ.

ಪಿ-ಜೆ ಯಾಕೆ ಅಂದರೆ, ಹುಕ್ ಹೆಸರಿಗೆ ಅಂಟಿಕೊಂಡ ಯಮಾಹಾ ಬಿಬಿ1200ಎಸ್‌ನಲ್ಲಿರುವುದು ಎರಡು ತುಂಡಿನ ಪಿ ಪಿಕಪ್. ಪಿ-ಜೆಯಲ್ಲಿ ಜೆ ವಾಲ್ಯೂಮ್ ಸೊನ್ನೆಗೆ ಇಳಿಸಿದರೆ ಉಳಿಯುವುದೂ ಅದೇ. ಎರಡನ್ನೂ ಪೂರ್ತಿ ತೆರೆದರೆ ನಡು ಸ್ವರ ಟೊಳ್ಳಾಗುತ್ತದೆ, ರಾಗ ಹಿಂದೆ ಸರಿಯುತ್ತದೆ.

ಮಾರ್ಚ್ 15: ನೆಕ್

ನೆಕ್‌ನ ಬಾಗು ಅಳೆಯಲು ಬೈಕ್ ಮೆಕ್ಯಾನಿಕ್‌ಗಳ ಟ್ಯಾಪೆಟ್ ಗೇಜ್ ಸಾಕು. ಆಟೋ ಸ್ಪೇರ್ ಅಂಗಡಿಯಲ್ಲಿ 160 ರೂ. ಇ ತಂತಿಯನ್ನು 1ನೇ ಫ್ರೆಟ್‌ನಲ್ಲಿ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿ, 8ನೇ ಫ್ರೆಟ್ ಮತ್ತು ತಂತಿಯ ನಡುವೆ ಗೇಜ್‌ನ ತೆಳು ಉಕ್ಕಿನ ಎಲೆ ತೂರಿಸಿ ನೋಡುವುದು. ಬಂದದ್ದು 0.60 ಮಿ.ಮೀ. ಬೇಕಾದ್ದು 0.30.

ಇಲ್ಲಿ ಒಂದು ತಪ್ಪು ಕೂದಲೆಳೆಯಲ್ಲಿ ತಪ್ಪಿತು. ಟ್ರಸ್ ರಾಡ್‌ನ ನಟ್‌ಗೆ 5 ಮಿ.ಮೀ. ಆಲನ್ ಕೀಲಿ ಒಳಗೆ ಹೋಗಲಿಲ್ಲ, 4.5 ಹೋಯಿತು, ಆದರೆ ಸಡಿಲ. ತಿರುಗಿಸಿದಾಗ ಕೀಲಿ ಜಾರಿ ನಟ್‌ನ ಮೂಲೆ ಸವೆಯುವ ಸದ್ದು ಬಂತು. ಅಲ್ಲಿಗೆ ಕೈ ಬಿಟ್ಟದ್ದು ಪುಣ್ಯ. ಅದು 3/16 ಇಂಚಿನ ನಟ್, ಅಂದರೆ 4.76 ಮಿ.ಮೀ. ಸರಿಯಾದ ಕೀಲಿಗೆ 90 ರೂ. ನಟ್‌ನ ಮೂಲೆ ಸವೆದುಹೋದರೆ ನೆಕ್ ಕತೆ ಮುಗಿದಂತೆ. ಎಂಟನೇ ಒಂದು ಸುತ್ತು ಬಲಕ್ಕೆ ಬಿಗಿಸಿ, ಮತ್ತೆ ಶ್ರುತಿ ಮಾಡಿ, ರಾತ್ರಿ ಹಾಗೇ ಬಿಟ್ಟು, ಮರುದಿನ ಮತ್ತೆ ಅಷ್ಟೇ. ಮೂರು ದಿನಕ್ಕೆ 0.30ಕ್ಕೆ ಬಂತು.

ಮಾರ್ಚ್ 22: ಒಳಗಿನ ತಂತಿ

ಖರೀದಿಯ ದಿನವೇ ಗಮನಕ್ಕೆ ಬಂದಿತ್ತು: ಜೆ ವಾಲ್ಯೂಮ್ ಸೊನ್ನೆ ಮಾಡಿದರೆ ಪಿ ಕೂಡ ಸಾಯುತ್ತದೆ. ಮುಚ್ಚಳ ಬಿಚ್ಚಿದಾಗ ಕಾರಣ ಕಣ್ಣೆದುರೇ ಇತ್ತು. ಯಾರೋ ಪಾಟ್ (ನಾಬ್ ಕೆಳಗಿನ ತಿರುಗುವ ರೆಸಿಸ್ಟರ್) ಬದಲಿಸುವಾಗ ಪಿಕಪ್‌ನ ಸಿಗ್ನಲ್ ತಂತಿಯನ್ನು ಹೊರಗಿನ ಕಾಲಿಗೆ, ಔಟ್‌ಪುಟ್ ಅನ್ನು ನಡುವಿನ ಕಾಲಿಗೆ ಬೆಸೆದಿದ್ದಾರೆ. ಒಂದೇ ಪಿಕಪ್ ಇದ್ದರೆ ಅದು ಸರಿ. ಎರಡು ವಾಲ್ಯೂಮ್ ಇರುವಲ್ಲಿ ಒಂದನ್ನು ಇಳಿಸಿದರೆ ಔಟ್‌ಪುಟ್ಟೇ ನೆಲಕ್ಕೆ (ಗ್ರೌಂಡ್) ಕೂಡಿಕೊಳ್ಳುತ್ತದೆ. ಪಿಕಪ್ ನಡುವಿನ ಕಾಲಿಗೆ, ಔಟ್‌ಪುಟ್ ಹೊರಗಿನ ಕಾಲಿಗೆ ಅಂತ ಅದಲುಬದಲು ಮಾಡಿದ ಮೇಲೆ ಎರಡೂ ಸ್ವತಂತ್ರವಾದವು.

ಪಾಟ್‌ಗಳೊಳಗೆ ಕೆಂಪು ದೂಳು. ಸಂಡೂರಿನ ಕಡೆಯಿಂದ ಅದಿರು ಲಾರಿ ಓಡಾಡುವ ರಸ್ತೆಯ ಮಗ್ಗುಲಲ್ಲಿ ಯಾವ ಪಾಟೂ ಹೆಚ್ಚು ದಿನ ಬಾಳುವುದಿಲ್ಲ. ಕ್ಲೀನರ್ ಹೊಡೆದರೂ ಕರಕರ ಹೋಗಲಿಲ್ಲ. ಎರಡು 250 ಕಿಲೋಓಮ್ ಆಡಿಯೋ ಪಾಟ್, ಒಂದು ಜಾಕ್: 320 ರೂ. ಟೋನ್ ಕೆಪಾಸಿಟರ್ 0.047 ಮೈಕ್ರೋಫ್ಯಾರಡ್, ಮೈಮೇಲೆ 473 ಅಂತ ಬರೆದದ್ದು, ಮುಟ್ಟಲಿಲ್ಲ. ಟೋನ್ ಪೂರ್ತಿ ತೆರೆದೇ ನುಡಿಸುವಾಗ ಅದರ ಮೇಲೆ ದುಡ್ಡು ಸುರಿಯುವುದು ವ್ಯರ್ಥ.

ಪಾಟ್‌ನ ಬೆನ್ನಿಗೆ ಬೆಸುಗೆ ಹಿಡಿಯಲು 25 ವಾಟಿನ ಕಾವು ಸಾಲದು, 60 ವಾಟ್ ಬೇಕು, ಮುಂಚೆ ಬೆನ್ನನ್ನು ಉಪ್ಪುಕಾಗದದಲ್ಲಿ ಉಜ್ಜಬೇಕು. ಮತ್ತು ಫ್ಯಾನ್ ಆರಿಸಬೇಕು. ಗಾಳಿ ಬೀಸುತ್ತಿದ್ದರೆ ತುದಿ ತಣ್ಣಗಾಗಿ ಬೆಸುಗೆ ಬೂದಿಬಣ್ಣದ ಗುಳ್ಳೆಯಾಗಿ ಕೂರುತ್ತದೆ, ಎರಡು ದಿನಕ್ಕೆ ಬಿಡುತ್ತದೆ. ಬಳ್ಳಾರಿಯಲ್ಲಿ ಈ ಕೆಲಸ ಬೆಳಗಿನ ಏಳರೊಳಗೆ ಮುಗಿಸುವುದು ಒಳ್ಳೆಯದು.

ಮಲ್ಟಿಮೀಟರ್ ಪ್ರಕಾರ ಪಿ ಪಿಕಪ್ 10.4 ಕಿಲೋಓಮ್, ಜೆ 7.6. ಎರಡೂ ಆರೋಗ್ಯವಾಗಿವೆ. ಈ ಅಂಕಿ ಮುಂದೆ ನೆನಪಿರಬೇಕಿತ್ತು.

ತಂತಿಗಳ ಬುಡ ಕೂರುವ ಬ್ರಿಡ್ಜ್‌ನಿಂದ ಜಾಕ್‌ನ ನೆಲದ ಕಾಲಿಗೆ ಸಂಪರ್ಕವೇ ಇರಲಿಲ್ಲ. ಬ್ರಿಡ್ಜ್ ಎತ್ತಿದಾಗ ತಂತಿ ಅಲ್ಲೇ ಇದೆ, ಕಿಲುಬು ಹಿಡಿದು ಕಪ್ಪಾಗಿದೆ. ಉಜ್ಜಿ, ತುದಿಯನ್ನು ಬೀಸಣಿಗೆಯಂತೆ ಬಿಡಿಸಿ, ಮತ್ತೆ ಬಿಗಿಸಿದಾಗ 0.4 ಓಮ್.

ಏಪ್ರಿಲ್ 5: ತಂತಿ, ಮತ್ತು 1,850 ರೂಪಾಯಿ ದಂಡ

ಆರಿಸಿದ್ದು ಸ್ಟೇನ್‌ಲೆಸ್ ಸ್ಟೀಲ್ ರೌಂಡ್‌ವೂಂಡ್ (ದುಂಡು ಎಳೆ ಸುತ್ತಿದ ತಂತಿ), ದಪ್ಪ .045ರಿಂದ .105 ಇಂಚು. ನಿಕ್ಕಲ್‌ಗಿಂತ ಚುರುಕು, ಫ್ರೆಟ್ ಸವೆತ ಹೆಚ್ಚು; ಈ ದನಿಗೆ ಆ ಬೆಲೆ ತೆರಲೇಬೇಕು.

ಡಿ ತಂತಿ ಹಾಕುವಾಗ ಉದ್ದ ಹೆಚ್ಚಾಯಿತೆಂದು ನೇರವಾಗಿದ್ದಾಗಲೇ ಕಟ್ಟರ್ ಹಾಕಿದ್ದು ತಪ್ಪು. ಬೇಸ್ ತಂತಿಯನ್ನು ಮೊದಲು 90 ಡಿಗ್ರಿ ಬಗ್ಗಿಸಿ, ಬಾಗಿನಿಂದ ಆಚೆ ಕತ್ತರಿಸಬೇಕು. ಬಾಗು ಇಲ್ಲದಿದ್ದರೆ ಹೊರಸುತ್ತು ಒಳಗಿನ ಎಳೆಯ ಮೇಲೆ ಜಾರುತ್ತದೆ. ತಂತಿ ಮುರಿಯುವುದಿಲ್ಲ, ಶ್ರುತಿಯೂ ನಿಲ್ಲುತ್ತದೆ, ಆದರೆ ದನಿ ಸತ್ತಿರುತ್ತದೆ: ಜಿ ಗಂಟೆಯಂತೆ ನುಡಿಯುವಾಗ ಪಕ್ಕದ ಡಿ ಹಗ್ಗದಂತೆ. ಬಿಡಿ ತಂತಿ ಊರಲ್ಲಿ ಸಿಗಲಿಲ್ಲ. ಬೆಂಗಳೂರಿನಿಂದ ಇನ್ನೊಂದು ಸೆಟ್ ತರಿಸಬೇಕಾಯಿತು, ಮತ್ತೆ 1,850. ಎರಡನೇ ಸಲ ಶ್ರುತಿ ಬಿಗಿಸುವ ಕಂಬದಿಂದ ಆಚೆ 10 ಸೆಂ.ಮೀ. ಬಿಟ್ಟು, ಬಗ್ಗಿಸಿ, ಕತ್ತರಿಸಿ, ಕೆಳಮುಖವಾಗಿ ಮೂರು ಸುತ್ತು.

ತಂತಿ ಎತ್ತರ 12ನೇ ಫ್ರೆಟ್‌ನಲ್ಲಿ: ಇ 2.4 ಮಿ.ಮೀ., ಜಿ 1.9. ಪಿಕಪ್ ಎತ್ತರ, ಕೊನೆಯ ಫ್ರೆಟ್ ಒತ್ತಿದಾಗ: ಇ ಕಡೆ 3.2, ಜಿ ಕಡೆ 2.3. ಸಾಮಾನ್ಯಕ್ಕಿಂತ ಜಿ ಕಡೆ ಸ್ವಲ್ಪ ಮೇಲೆ, ರಾಗವೆಲ್ಲ ಅಲ್ಲೇ ಇರುವುದರಿಂದ. ಒಮ್ಮೆ 1.5ಕ್ಕೆ ಏರಿಸಿ ನೋಡಿದಾಗ 17ನೇ ಫ್ರೆಟ್‌ನ ಸ್ವರ ಅಲೆಯತೊಡಗಿತು. ಆಯಸ್ಕಾಂತ ತಂತಿಯನ್ನೇ ಎಳೆಯುತ್ತದೆ.

ಸ್ವರಶುದ್ಧಿ: 12ನೇ ಫ್ರೆಟ್ ಒತ್ತಿದ ಸ್ವರ ಅದೇ ಜಾಗದ ಹಾರ್ಮೋನಿಕ್‌ಗಿಂತ (ತಂತಿ ಒತ್ತದೆ ಬರೀ ತಾಕಿಸಿ ಮೀಟಿದ ಸ್ವರ) ಏರಿದ್ದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಹಳೇ ತಂತಿಯಲ್ಲೇ ಇದನ್ನು ಮಾಡಿ ಮುಗಿಸಿದ್ದೆವು; ಹೊಸ ತಂತಿ ಹಾಕಿದ ಮೇಲೆ ನಾಲ್ಕೂ ತಪ್ಪಿದ್ದವು. ಒಂದು ಸಂಜೆ ಹಾಳು.

ಏಪ್ರಿಲ್ 6ರಿಂದ 27: ಮಂಕು ದನಿ, ತಪ್ಪು ರೋಗನಿರ್ಣಯ

ಇಡೀ ಕೆಲಸದಲ್ಲಿ ಅತಿ ದೊಡ್ಡ ತಪ್ಪು ಇದು.

ಬೇಸ್ ಆಂಪ್ ಇಲ್ಲ. ಇದ್ದದ್ದು ಶಾಮಿಯಾನದವರ ಬಳಿ ಕೊಂಡ ಹಳೇ ಪವರ್ಡ್ ಸ್ಪೀಕರ್ ಮತ್ತು ಚಿಕ್ಕ ಮಿಕ್ಸರ್. ಬೇಸ್ ಅನ್ನು ನೇರ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಚುಚ್ಚಿದಾಗ ಹೊಚ್ಚಹೊಸ ಸ್ಟೀಲ್ ತಂತಿಯಿದ್ದೂ ಕಂಬಳಿ ಹೊದ್ದ ಸದ್ದು. ಪಿಕಪ್ ಕಳಪೆ ಅಂತ ತೀರ್ಮಾನಿಸಿ 3,200 ರೂಪಾಯಿಗೆ ಹೊಸ ಪಿ ಪಿಕಪ್ ತರಿಸಿ, 20ರಂದು ಕೂರಿಸಿದ್ದಾಯಿತು. ದನಿ ಹಾಗೇ ಇತ್ತು.

26ಕ್ಕೆ ಕೋರಸ್ ಪೆಡಲ್ ಬಂತು, 2,600 ರೂ. ಅದನ್ನು ಆನ್ ಮಾಡಿದರೆ ಟ್ರೆಬಲ್ ಎದ್ದು ಬರುತ್ತದೆ, ಆಫ್ ಮಾಡಿದರೆ ಮತ್ತೆ ಕಂಬಳಿ. ಕೋರಸ್‌ಗೆ ಟ್ರೆಬಲ್ ಹುಟ್ಟಿಸುವ ಕೆಲಸವಿಲ್ಲ. ಆಫ್ ಆದಾಗ ಈ ಪೆಡಲ್ ಬೇಸನ್ನು ನೇರವಾಗಿ ಮುಂದಕ್ಕೆ ದಾಟಿಸುತ್ತದೆ, ಆನ್ ಆದಾಗ ಮಾತ್ರ ನಡುವೆ ನಿಲ್ಲುತ್ತದೆ. ಅಂದರೆ ರೋಗ ಇದ್ದದ್ದು ಮಿಕ್ಸರ್‌ನ ಬಾಗಿಲಲ್ಲಿ.

ಲೈನ್ ಇನ್‌ಪುಟ್‌ನ ಅಡ್ಡಿ (ಇಂಪೀಡೆನ್ಸ್) ಸುಮಾರು 10 ಕಿಲೋಓಮ್. ಪಿಕಪ್ ಅಂದರೆ ಸಾವಿರಾರು ಸುತ್ತಿನ ಕಾಯಿಲ್. ಮೀಟರ್ 10 ತೋರಿಸಿದರೂ 1000 ಹರ್ಟ್ಸ್ ಹತ್ತಿರ ಅದರ ಅಡ್ಡಿ 30–40 ಕಿಲೋಓಮ್ ಆಗುತ್ತದೆ, ಮೇಲೆ ಹೋದಂತೆ ಇನ್ನೂ ಏರುತ್ತದೆ. ಮೇಲಿನ ಸ್ವರವೆಲ್ಲ ಪಿಕಪ್ ಒಳಗೇ ಉಳಿದುಬಿಡುತ್ತದೆ. ಗಿಟಾರ್ ಆಂಪ್‌ಗಳಲ್ಲಿ 1 ಮೆಗಾಓಮ್ ಇರುವುದು ಇದಕ್ಕೇ. ಎರಡೂ ಆರೋಗ್ಯವಾಗಿವೆ ಅಂತ ಮಾರ್ಚ್ 22ರಂದು ನಾವೇ ಬರೆದಿಟ್ಟದ್ದನ್ನು ಒಮ್ಮೆ ನೋಡಿದ್ದರೆ ಆ ಪಿಕಪ್ ಬರುತ್ತಿರಲಿಲ್ಲ. ಹಳೆಯದನ್ನೇ ಮತ್ತೆ ಕೂರಿಸಿ ಹೊಸದನ್ನು 2,000ಕ್ಕೆ ಮಾರಿದ್ದಾಯಿತು.

ಮೇ 1: ಬಫರ್

ಬೇಸ್ ಮತ್ತು ಮಿಕ್ಸರ್ ನಡುವೆ ನಿಂತು ಆ 1 ಮೆಗಾಓಮ್ ಅಡ್ಡಿ ಕೊಡುವ ಪುಟ್ಟ ಸರ್ಕ್ಯೂಟೇ ಬಫರ್. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಂದ ಸಾಮಾನು, ಎಲ್ಲ ಸೇರಿ 210 ರೂ.

ಟಿಎಲ್072 ಐಸಿ. 8ನೇ ಕಾಲಿಗೆ 9 ವೋಲ್ಟ್, 4ನೇ ಕಾಲು ನೆಲಕ್ಕೆ. 9 ವೋಲ್ಟ್ ಮತ್ತು ನೆಲದ ನಡುವೆ ಎರಡು 10 ಕಿಲೋಓಮ್ ಸಾಲಾಗಿ, ಅವುಗಳ ನಡುವಿನ ಬಿಂದುವಿನಿಂದ ನೆಲಕ್ಕೆ 47 ಮೈಕ್ರೋಫ್ಯಾರಡ್, ಅಲ್ಲಿ 4.5 ವೋಲ್ಟ್ ಸಿಗುತ್ತದೆ. ಇನ್‌ಪುಟ್ ಜಾಕ್‌ನಿಂದ 0.022 ಮೈಕ್ರೋಫ್ಯಾರಡ್ ಮೂಲಕ 3ನೇ ಕಾಲಿಗೆ. 3ನೇ ಕಾಲಿನಿಂದ 4.5 ವೋಲ್ಟ್ ಬಿಂದುವಿಗೆ 1 ಮೆಗಾಓಮ್. 1 ಮತ್ತು 2 ಕೂಡಿಸಿ, ಅಲ್ಲಿಂದ 10 ಮೈಕ್ರೋಫ್ಯಾರಡ್ ಮೂಲಕ ಔಟ್‌ಪುಟ್ ಜಾಕ್‌ಗೆ, ಅದರ ಪ್ಲಸ್ ಕಾಲು ಐಸಿ ಕಡೆಗೆ. ಔಟ್‌ಪುಟ್‌ನಿಂದ ನೆಲಕ್ಕೆ 100 ಕಿಲೋಓಮ್. ಉಳಿದ ಅರ್ಧ ಐಸಿಯನ್ನು ಅನಾಥ ಬಿಡಬಾರದು: 6 ಮತ್ತು 7 ಕೂಡಿಸಿ, 5ನೇ ಕಾಲು 4.5 ವೋಲ್ಟ್‌ಗೆ.

ಮೊದಲ ಸಲ 1 ಮೆಗಾಓಮ್ ಹಾಕುವುದೇ ಮರೆತಿತ್ತು. ಒಂದೆರಡು ನಿಮಿಷ ಸೊಗಸಾಗಿ ನುಡಿದು ಆಮೇಲೆ ಒಡೆದ ಸದ್ದು, ಆರಿಸಿ ಹಾಕಿದರೆ ಮತ್ತೆ ಸರಿ. ಆಧಾರ ಇಲ್ಲದ 3ನೇ ಕಾಲು ನಿಧಾನ ಒಂದು ಕಡೆಗೆ ತೇಲಿಹೋಗುತ್ತದೆ. ಎರಡನೇ ಸಲ ಇಂಗಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದ್ದು ತಪ್ಪಾಯಿತು. ಟ್ಯೂಬ್‌ಲೈಟಿನ ಗುಂಯ್ ಎಲ್ಲ ಒಳಗೆ ಬಂತು. ತಗಡಿನ ಬಿಸ್ಕತ್ ಡಬ್ಬಿಗೆ ಬದಲಿಸಿ, ಡಬ್ಬಿಯನ್ನೇ ನೆಲಕ್ಕೆ ಕೂಡಿಸಿದ ಮೇಲೆ ನಿಂತಿತು.

ಕೇಬಲ್ ಚುಚ್ಚಿ ಜಿ ತಂತಿ 14ನೇ ಫ್ರೆಟ್ ಮೀಟಿದಾಗ, ಏಪ್ರಿಲ್ ತಿಂಗಳೆಲ್ಲ ಹುಡುಕಿದ ದನಿ ಅಲ್ಲಿತ್ತು.

ಮೇ 4: ಅಡಾಪ್ಟರ್

ಕೋರಸ್‌ಗೆ ಬ್ಯಾಟರಿ ಮುಗಿದಿತ್ತು. ಕೈಗೆ ಸಿಕ್ಕ ಕೀಬೋರ್ಡ್ ಅಡಾಪ್ಟರ್ ಚುಚ್ಚಿದ್ದು. 12 ವೋಲ್ಟ್, ನಡುವೆ ಪ್ಲಸ್. ಪೆಡಲ್‌ಗೆ ಬೇಕಾದ್ದು 9 ವೋಲ್ಟ್, ನಡುವೆ ಮೈನಸ್. ದೀಪ ಆರಿತು. ಬಿಚ್ಚಿ ನೋಡಿದಾಗ ವಿದ್ಯುತ್ ಒಳಬರುವಲ್ಲಿ ಕಾವಲಿಗಿದ್ದ ಡಯೋಡ್ ಎರಡೂ ದಿಕ್ಕಿಗೆ ಸೊನ್ನೆ ಓಮ್ ತೋರಿಸುತ್ತಿತ್ತು. ತಾನು ಸತ್ತು ಉಳಿದದ್ದನ್ನು ಉಳಿಸಿದೆ. 1ಎನ್4001 ಡಯೋಡ್, 2 ರೂಪಾಯಿ. ಅದೇ ದಿನ ಸರಿಯಾದ ಅಡಾಪ್ಟರ್‌ಗೆ 550. ಹಳೇ ಕೀಬೋರ್ಡ್ ಅಡಾಪ್ಟರ್‌ಗೆ ಈಗ ಕೆಂಪು ಟೇಪ್ ಸುತ್ತಿದೆ.

ಮೇ 11: ಗುಂಯ್, ಮತ್ತು ಎರೆ ಮಣ್ಣು

ತಂತಿ ಮುಟ್ಟಿದರೆ ಗುಂಯ್ ಕಡಿಮೆಯಾಗಬೇಕು. ಇಲ್ಲಿ ಮಧ್ಯಾಹ್ನ ಮುಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಬೆರಳಿಗೆ ಸಣ್ಣ ಜುಮ್ಮು ಬೇರೆ. ಕೆಲಸ ಅಲ್ಲಿಗೇ ನಿಲ್ಲಿಸಿ ಗೋಡೆಯ ಸಾಕೆಟ್ ಅಳೆದದ್ದು: ನ್ಯೂಟ್ರಲ್ ಮತ್ತು ಅರ್ಥ್ ನಡುವೆ 14 ವೋಲ್ಟ್. ಬೇಸ್‌ನ ತಂತಿಗಳು ಬ್ರಿಡ್ಜ್ ಮೂಲಕ, ಕೇಬಲ್ ಮೂಲಕ ಅದೇ ಅರ್ಥ್‌ಗೆ ಸೇರುತ್ತವೆ. ಅರ್ಥ್ ಕೆಟ್ಟರೆ ನುಡಿಸುವವರ ಕೈಯೇ ಅರ್ಥ್.

ಈ ಸೀಮೆಯ ಎರೆ ಮಣ್ಣು ಮೇ ತಿಂಗಳಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮನೆಯ ಅರ್ಥ್ ಗುಂಡಿಯಲ್ಲಿ ಮಣ್ಣು ಸಂಕುಚಿಸಿ ಪೈಪಿನಿಂದ ದೂರ ಸರಿದಿತ್ತು. ಎಲೆಕ್ಟ್ರಿಷಿಯನ್ ಕರೆಸಿ ಇದ್ದಿಲು, ಉಪ್ಪು ತುಂಬಿಸಿ, ನಾಲ್ಕು ಕೊಡ ನೀರು ಹೊಯ್ದ ಮರುದಿನ 2.3 ವೋಲ್ಟ್. ಸಾಮಾನಿಗೆ 120 ರೂ., ಕೂಲಿ ಬೇರೆ. ಆಮೇಲೆ ವಾರಕ್ಕೊಂದು ಕೊಡ ನೀರು. ಹೊಸ ಕೇಬಲ್, ಹೊಸ ಪಿಕಪ್ ಅಂತ ಗುಂಯ್ ಬಿಡಿಸಲು ಹೊರಡುವ ಮುಂಚೆ ಬೇಸಿಗೆಯಲ್ಲಿ ಸಾಕೆಟ್ ಅಳೆಯಿರಿ.

ಮೇ 18: ಕೊನೆಯ ಹೊಂದಿಕೆ

ಪಿಕ್: 0.60 ಮಿ.ಮೀ. ಬಗ್ಗಿ ಹೊಡೆತ ಮೆತ್ತಗಾಯಿತು, 1.5 ಬರೀ ಟಕಟಕ. 0.88 ನೈಲಾನ್ ಸರಿ. ಅವಧಿ ಮುಗಿದ ಎಟಿಎಂ ಕಾರ್ಡ್ 0.76 ಮಿ.ಮೀ. ದಪ್ಪ, ಕತ್ತರಿಸಿ ಅಂಚು ಉಜ್ಜಿದರೆ ಬದಲಿಗೆ ನಡೆಯುತ್ತದೆ, ಸ್ಟೀಲ್ ತಂತಿಗೆ ಬೇಗ ಸವೆಯುತ್ತದೆ. ಮೀಟುವ ಜಾಗ ಪಿ ಪಿಕಪ್ ಮತ್ತು ಬ್ರಿಡ್ಜ್ ನಡುವೆ, ಎಲ್ಲ ಕೆಳಹೊಡೆತ.

ಕೋರಸ್: ಅಲೆಯನ್ನು ಫೋನಿನ ಸ್ಟಾಪ್‌ವಾಚ್‌ನಲ್ಲಿ ಎಣಿಸಿದಾಗ 14 ಸೆಕೆಂಡಿಗೆ 10 ತೂಗು ಇದ್ದಲ್ಲಿ ಚೆನ್ನ. ಅದಕ್ಕಿಂತ ವೇಗವಾದರೆ ನೀರೊಳಗಿನ ಸದ್ದು. ತೆರೆದ ಇ ತಂತಿಗೆ ಕೋರಸ್ ಹಾಕಿದರೆ ತಳ ಕೆಸರಾಗುತ್ತದೆ. ಶ್ರುತಿಗೆ ಎ ಅಥವಾ ಡಿ ಇಟ್ಟುಕೊಳ್ಳಿ.

ಮಿಕ್ಸರ್: ಲೋ ನಾಬ್ ಅನ್ನು ಗಡಿಯಾರದ ಹತ್ತರ ಜಾಗಕ್ಕೆ ಇಳಿಸಿ. ಈ ಮಿಕ್ಸರ್‌ನ ಮಿಡ್ 2.5 ಕಿಲೋಹರ್ಟ್ಸ್‌ಗೆ ಕಟ್ಟಿಹಾಕಿದ್ದು, ಏರಿಸಿದರೆ ಪಿಕ್‌ನ ಟಕಟಕ ಮಾತ್ರ ಏರುತ್ತದೆ. ಬೇಕಾದ ನಡುಸ್ವರ 800 ಹರ್ಟ್ಸ್ ಆಸುಪಾಸು. ಅದನ್ನು ಸ್ಪೀಕರ್ ಮುಂಚೆ ಇಟ್ಟ ಗ್ರಾಫಿಕ್ ಈಕ್ವಲೈಜರ್‌ನಲ್ಲಿ 4 ಡೆಸಿಬೆಲ್ ಏರಿಸಿದ್ದು. ಮಿಕ್ಸರ್‌ನ ಗೇನ್ ಕೆಂಪಿಗೆ ಏರಿಸಿ ಗರಗರ ತರಿಸುವ ಯತ್ನ ಬೇಡ, ಕಿವಿ ಹರಿಯುತ್ತದೆ.

ಸ್ಟ್ರಾಪ್: ಹುಕ್ ಬೇಸ್ ಮಂಡಿ ಹತ್ತಿರ ಇಳಿಬಿಟ್ಟಿರುತ್ತಾನೆ, ಅಂಗಡಿಯ ಸ್ಟ್ರಾಪ್ ಅಷ್ಟು ಉದ್ದ ಬರುವುದಿಲ್ಲ. ಜೀನ್ಸ್ ಹೊಲಿಯುವ ಊರಲ್ಲಿ ಇದಕ್ಕೆ ಕೊರತೆಯೇ? ದಪ್ಪ ಡೆನಿಮ್ ಎರಡು ಮಡಿಕೆ, 6 ಸೆಂ.ಮೀ. ಅಗಲ, 1.8 ಮೀಟರ್ ಉದ್ದ, ತುದಿಗೆ ಚರ್ಮ, ಪ್ಯಾಂಟಿನ ಕಿತ್ತಳೆ ದಾರದಲ್ಲೇ ಹೊಲಿಗೆ: 200 ರೂ. ಇಷ್ಟು ಕೆಳಗೆ ಬಿಟ್ಟರೆ 17ನೇ ಫ್ರೆಟ್ ಮುಟ್ಟುವುದು ಸುಲಭ, 1ನೇ ಫ್ರೆಟ್‌ನಲ್ಲಿ ಮಣಿಕಟ್ಟು ನೋಯುತ್ತದೆ.

ಇಲ್ಲಿಯವರೆಗಿನ ಲೆಕ್ಕ, ಎಲೆಕ್ಟ್ರಿಷಿಯನ್ ಕೂಲಿ ಮತ್ತು ಮನೆಯಲ್ಲಿದ್ದ ಸಾಮಾನು ಬಿಟ್ಟು, 20,652. ಇದರಲ್ಲಿ ಕತ್ತರಿಸಿ ಕೆಡಿಸಿದ ತಂತಿ 1,850, ಬೇಡದ ಪಿಕಪ್ 3,200. ಪಿಕಪ್ ಮಾರಿದ 2,000 ಕಳೆದರೆ ಕೈಬಿಟ್ಟದ್ದು 18,652.

ಜುಲೈ 6: ಮಳೆಗಾಲದ ಅಳತೆ

ಮೇ ಕೊನೆಯಲ್ಲಿ ಏರ್ ಕೂಲರ್ ಎದುರೇ ಸ್ಟ್ಯಾಂಡ್ ಇಟ್ಟಿದ್ದರಿಂದ ವಾರದೊಳಗೆ ನೆಕ್ ಬಾಗು 0.30ರಿಂದ 0.45ಕ್ಕೆ ಏರಿತ್ತು. ಕೋಣೆಯ ಇನ್ನೊಂದು ಮೂಲೆಗೆ ಸರಿಸಿದ ಮೇಲೆ ತಾನೇ 0.35ಕ್ಕೆ ಇಳಿಯಿತು. ಈಗ ಮಳೆ ಹಿಡಿದ ಮೇಲೆ 0.40. ಎಂಟನೇ ಒಂದು ಸುತ್ತು ಬಿಗಿಸಿ 0.30. ಸಾಕೆಟ್‌ನಲ್ಲಿ 1.6 ವೋಲ್ಟ್, ಕೊಡ ನೀರು ಸದ್ಯ ಬೇಕಿಲ್ಲ.

ಬಿಸಿಲಿಗೆ ಹಲಗೆ ಒಣಗಿ ಫ್ರೆಟ್ ತುದಿಗಳು ಜಿ ಕಡೆ ಸ್ವಲ್ಪ ಹೊರಬಂದು ಅಂಗೈ ಗೀರುತ್ತಿದ್ದವು. ಮಳೆ ಬಂದ ಮೇಲೆ ಅರ್ಧದಷ್ಟು ಒಳಸೇರಿವೆ. ಈಗ ಉಜ್ಜುವುದಿಲ್ಲ. ಮುಂದಿನ ಏಪ್ರಿಲ್‌ನಲ್ಲಿ, ಹಲಗೆ ಪೂರ್ತಿ ಒಣಗಿದಾಗ, ಪಿಕಪ್ ಮೇಲೆ ಟೇಪ್ ಅಂಟಿಸಿ, ಸಣ್ಣ ಅರದಲ್ಲಿ. ಟೇಪ್ ಇಲ್ಲದಿದ್ದರೆ ಲೋಹದ ಪುಡಿ ಪಿಕಪ್ ಒಳಗೆ ಸೇರುತ್ತದೆ. 19ನೇ ಫ್ರೆಟ್‌ನಲ್ಲಿ ಜಿ ತಂತಿಯ ಸಣ್ಣ ಗರಗರ ಇನ್ನೂ ಇದೆ.